ಅಜ್ಜಿಯ ಒರಳು, ಗಿರಣಿಯ ಮೊದಲ ಹಿಡಿ

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ನಾಲ್ಕು ವರ್ಷದಿಂದ ನಾನು ಮತ್ತು ನಮ್ಮ ಸಂಘದ ಇಬ್ಬರು ಹೆಂಗಸರು ಸೇರಿ ಖಾರದ ಪುಡಿ, ಮಸಾಲಿ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಿದ್ದೇವೆ. ಹಾವೇರಿ, ಹುಬ್ಬಳ್ಳಿಯ ಕೆಲವು ಅಂಗಡಿಗಳಿಗೆ ಹೋಗುತ್ತದೆ. ವ್ಯಾಪಾರ ಕುಂಟುತ್ತಾ ನಡೆದಿದೆ. ನನ್ನ ಮೈದುನ ಹುಬ್ಬಳ್ಳಿಯಿಂದ ಒಬ್ಬ ಹುಡುಗನನ್ನು ಕರೆತಂದ. ಬ್ರ್ಯಾಂಡಿಂಗ್ ಮಾಡುತ್ತಾನಂತೆ. "ಅಕ್ಕಾರ, ನಿಮ್ಮ ಖಾರದಾಗ ಏನೂ ಕಡಿಮಿ ಇಲ್ಲ. ಕಥಿ ಇಲ್ಲ, ಅಷ್ಟ" ಅಂದ. ಪ್ಯಾಕೆಟ್ ಹಿಂದೆ ಹಾಕಲು ಒಂದು ಕಥೆ ಬರೆದು ತಂದಿದ್ದಾನೆ. ನೂರು ವರ್ಷದ ಒರಳು, ಅದರಲ್ಲಿ ನಮ್ಮ ಅತ್ತೆಯ ಅತ್ತೆ ಖಾರ ಕುಟ್ಟುತ್ತಿದ್ದರು, ಆ ಕೈರುಚಿ ಇವತ್ತಿಗೂ ಬದಲಾಗಿಲ್ಲ, ಹೀಗೆ. ಮುಂದುಗಡೆ ದೊಡ್ಡ ಅಕ್ಷರದಲ್ಲಿ "ಅಪ್ಪಟ ಬ್ಯಾಡಗಿ ಖಾರ" ಅಂತ ಇದೆ. ಓದಿದರೆ ಕಣ್ಣು ತುಂಬುತ್ತದೆ. ಆದರೆ ನಮ್ಮ ಮನೆಯಲ್ಲಿ ಅಂಥ ಒರಳೇ ಇಲ್ಲ! ನಮ್ಮ ಅತ್ತೆ ಮೊದಲಿನಿಂದಲೂ ಗಿರಣಿಗೇ ಹಾಕಿಸುತ್ತಿದ್ದರು. ಅಲ್ಲೂ ಸುಮ್ಮನೆ ಕೊಟ್ಟು ಬರುತ್ತಿರಲಿಲ್ಲ. ಮುಂದೆ ಕೂತು, ಮೊದಲು ಒಂದು ಹಿಡಿ ಕಾಯಿ ಬೀಸಿಸಿ, ಅದನ್ನು ಬೇರೆ ತೆಗೆಸಿ, ಆಮೇಲೆ ನಮ್ಮದು ಹಾಕಿಸುತ್ತಿದ್ದರು. ಈಗ ನಾವೂ ಹಾಗೇ ಮಾಡುತ್ತೇವೆ. ಬಣ್ಣಕ್ಕೆ ಬ್ಯಾಡಗಿಯ ಡಬ್ಬಿ ಕಾಯಿ. ಖಾರ ಸಾಲದು ಅಂತ ನಾಲ್ಕರಲ್ಲಿ ಒಂದು ಪಾಲು ಗುಂಟೂರು ಕಾಯಿ.

ಅದೇ ಹುಡುಗ ಹೋದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಮಾಡಿದ ವಿಡಿಯೋ ತೋರಿಸಿದ. ಮಳೆಗೆ ಮನೆ ಬಿದ್ದ ಒಬ್ಬ ಮುದುಕಿ, ಆಕೆಯ ಕೈ ಹಿಡಿದ ಅಭ್ಯರ್ಥಿ. ನಾನು ಅತ್ತುಬಿಟ್ಟೆ. "ನೋಡ್ರಿ, ಅದಕ್ಕೂ ಇದಕ್ಕೂ ಒಂದ ಫಾರ್ಮುಲಾ" ಅಂದ. ಆಗ ಹೆದರಿಕೆ ಆಯಿತು. ಯಜಮಾನರು "ಕಥೆ ಗಿಥೆ ಬೇಡ, ಲ್ಯಾಬ್ ರಿಪೋರ್ಟ್ ಹಾಕು" ಅನ್ನುತ್ತಾರೆ. ಆದರೆ ಅಂಗಡಿಯಲ್ಲಿ ನಮ್ಮ ಪಕ್ಕದಲ್ಲೇ ಇರುವ ಇನ್ನೊಂದು ಬ್ರ್ಯಾಂಡಿನವರು ಯಾರದೋ ಅಜ್ಜಿ ಫೋಟೋ ಹಾಕಿ ನಮಗಿಂತ ಜಾಸ್ತಿ ದರಕ್ಕೆ ಮಾರುತ್ತಿದ್ದಾರೆ. ಕಥೆ ಹೇಳುವುದು ಅಂದರೆ ಸುಳ್ಳು ಹೇಳುವುದೇನಾ? ಅದು ನಿಜಕ್ಕೂ ಅಷ್ಟು ಕೆಲಸ ಮಾಡುತ್ತದಾ? ನಾನೇನು ಮಾಡಲಿ?

ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಸಾಲಿನ ಕೆಳಗೆ ಗೆರೆ ಎಳೆದೆ. ಅದು ಯಾವ ಸಾಲು ಅಂತ ಆಮೇಲೆ ಹೇಳುತ್ತೇನೆ. (ಕಥೆ ಹೇಳುವವನ ಹಳೇ ಚಟ ಇದು. ಕೊನೆಯವರೆಗೂ ನಿಮ್ಮನ್ನು ಹಿಡಿದು ಕೂರಿಸಬೇಕಲ್ಲ.)

ನೀವು ಕೇಳಿದ್ದು ಖಾರದ ಪ್ಯಾಕೆಟ್ಟಿನ ಬಗ್ಗೆ. ಆದರೆ ನಿಮ್ಮ ನಿದ್ದೆ ಕೆಡಿಸಿದ್ದು ಆ ಚುನಾವಣೆ ವಿಡಿಯೋ ಅಂತ ನನಗನ್ನಿಸುತ್ತದೆ. ನಿಮ್ಮನ್ನು ಅಳಿಸಿದ ಕೈಯೇ ಈಗ ನಿಮ್ಮ ಹೆಸರಿನಲ್ಲಿ ಇನ್ನೊಬ್ಬರ ಕಣ್ಣು ತುಂಬಿಸಲು ಹೊರಟಿದೆ. ಅದಕ್ಕೆ ನಾನು ದುಡ್ಡು ಕೊಡುವುದಾ ಅನ್ನೋದು ನಿಮ್ಮ ಅಳುಕು. ಅಳುಕು ಇರಲಿ. ಅದು ಇಲ್ಲದ ದಿನ ನಾನೊಂದು ತಪ್ಪು ಮಾಡಿದ್ದೆ. ಅದನ್ನೂ ಹೇಳುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಜಾಹೀರಾತು ಬರೆದವನು. ಪತ್ರಿಕೆಗೆ, ರೇಡಿಯೋಗೆ, ಗೋಡೆ ಬರಹಕ್ಕೆ, ಜಾತ್ರೆಯಲ್ಲಿ ಆಟೋಗೆ ಮೈಕ್ ಕಟ್ಟಿ ಕೂಗಿಸುವುದಕ್ಕೆ. ಈಗ ಧಾರವಾಡದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಹುಡುಗ ಮಾಡುವ ಕೆಲಸವನ್ನೇ ನಾನೂ ಮಾಡಿದ್ದೇನೆ, ಹಾಗಾಗಿ ಅವನನ್ನು ಬೈಯಲು ನನಗೆ ಬಾಯಿಲ್ಲ. ಆದರೆ ಅವನ ಮಾತನ್ನು ಸ್ವಲ್ಪ ಜರಡಿ ಹಿಡಿಯಬೇಕು.

ಮೊದಲು ಕಥೆಯ ಶಕ್ತಿಯ ಬಗ್ಗೆ. ಈ ಕಸುಬಿನವರ ಪ್ರೆಸೆಂಟೇಶನ್ನಿನಲ್ಲಿ ಒಂದು ಸ್ಲೈಡ್ ಮತ್ತೆ ಮತ್ತೆ ಕಾಣುತ್ತದೆ: "ಕಥೆ ಅಂಕಿಅಂಶಕ್ಕಿಂತ 22 ಪಟ್ಟು ಜಾಸ್ತಿ ನೆನಪಿರುತ್ತದೆ." ಕೆಳಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಹೆಸರು. ಈ 22ರ ಹಿಂದೆ ಯಾವ ಪ್ರಯೋಗ ಇದೆ ಅಂತ ಹುಡುಕಿ ಹೋದವರು ಬರಿಗೈಯಲ್ಲಿ ವಾಪಸ್ ಬಂದಿದ್ದಾರೆ. ಕಥೆಯ ಶಕ್ತಿ ಹೇಳಲು ಹುಟ್ಟಿದ ಅಂಕಿಯೇ ಒಂದು ಕಟ್ಟುಕಥೆ.

ನಿಜವಾಗಿ ನಡೆದ ಪ್ರಯೋಗ ಬೇರೆ ಇದೆ. 1969ರಲ್ಲಿ ಗಾರ್ಡನ್ ಬೋವರ್ ಮತ್ತು ಮೈಕಲ್ ಕ್ಲಾರ್ಕ್ ವಿದ್ಯಾರ್ಥಿಗಳಿಗೆ ಹತ್ತತ್ತು ಪದಗಳ 12 ಪಟ್ಟಿ ಕೊಟ್ಟರು. ಅರ್ಧ ಜನ ಒಂದೊಂದು ಪಟ್ಟಿಯ ಪದಗಳನ್ನೂ ಪೋಣಿಸಿ ಕಥೆ ಕಟ್ಟಿಕೊಂಡರು. ಉಳಿದವರು ಸುಮ್ಮನೆ ಉರು ಹೊಡೆದರು. ಕೊನೆಗೆ ಕೇಳಿದಾಗ ಕಥೆ ಕಟ್ಟಿದವರಿಗೆ 93% ಪದ ನೆನಪಿತ್ತು, ಉರು ಹೊಡೆದವರಿಗೆ 13%. ದೊಡ್ಡ ವ್ಯತ್ಯಾಸವೇ. ಆದರೆ ಅಲ್ಲಿ ಬೆಳೆದದ್ದು ನೆನಪು ಮಾತ್ರ. ಜಾಹೀರಾತು ನೆನಪಿದ್ದು, ಯಾವ ಸಾಮಾನಿನದು ಅಂತಲೇ ಮರೆತುಹೋದ ಉದಾಹರಣೆಗಳು ನನ್ನ ಹತ್ತಿರ ಚೀಲ ತುಂಬ ಇವೆ. ಕೆಲವು ನಾನೇ ಬರೆದವು.

ಕಥೆ ಕೇಳಿ ಜನ ಕೈಯನ್ನು ಜೇಬಿಗೆ ಹಾಕುತ್ತಾರಾ? ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಕೈಯಲ್ಲಿ ಐದು ಡಾಲರ್ ಕೊಟ್ಟು ದಾನ ಕೇಳಿದರು. ಮಾಲಿ ದೇಶದ ಹಸಿದ ಏಳು ವರ್ಷದ ರೋಕಿಯಾ ಎಂಬ ಹುಡುಗಿಯ ಕಥೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿ ಓದಿದವರು 1.14. ಎರಡನ್ನೂ ಓದಿದವರು 1.43. ಅಂದರೆ ಅಂಕಿ ಸೇರಿದ ಕೂಡಲೇ ಕಥೆಯ ಬಲ ಕುಗ್ಗಿತು. ಇಲ್ಲಿವರೆಗೆ ಎಲ್ಲರೂ ಹೇಳುತ್ತಾರೆ. ಮುಂದಿನದು ಹೇಳುವವರು ಕಡಿಮೆ. 2016ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದಾಗ ಪರಿಣಾಮ ಇದೆ, ಆದರೆ ತೀರಾ ಸಣ್ಣದು ಅಂತ ಕಂಡಿತು. 2023ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಆ ವ್ಯತ್ಯಾಸವೇ ಸಿಗಲಿಲ್ಲ. ಹಾಗಾಗಿ "ಕಥೆ ಒಂದಿದ್ದರೆ ಸಾಕು" ಅನ್ನೋ ಮಾತನ್ನು ಪೂರ್ತಿ ನಂಬಬೇಡಿ. ಕಥೆ ಒಗ್ಗರಣೆ ಇದ್ದಂತೆ. ಬೇಳೆ ಬೇಯದಿದ್ದರೆ ಅದರಿಂದ ಏನೂ ಆಗುವುದಿಲ್ಲ.

ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೇಳಬೇಕಾದ ಸಂಗತಿ ಬಡಕಲಾಗಿದ್ದಾಗ ಕಥೆಯೊಳಗೆ ಇಟ್ಟು ಹೇಳಿದರೆ ಲಾಭವಾಯಿತು. ಸಂಗತಿಯೇ ಗಟ್ಟಿ ಇದ್ದಾಗ ಕಥೆ ಅದರ ಬಲವನ್ನು ತಗ್ಗಿಸಿತು. ಕಥೆಯಲ್ಲಿ ಮುಳುಗಿದವರು ಸಂಗತಿಯನ್ನು ತೂಗಿ ನೋಡುವುದಿಲ್ಲ. ದುರ್ಬಲ ಸಂಗತಿಗೆ ಅದು ವರ, ಗಟ್ಟಿ ಸಂಗತಿಗೆ ನಷ್ಟ. ಈ ಕಸುಬಿನಲ್ಲಿ ನಾನು ಕಂಡದ್ದೂ ಹೆಚ್ಚುಕಡಿಮೆ ಇದೇ. ಸಾಮಾನು ಸಪ್ಪೆ ಇದ್ದಷ್ಟೂ ನಮ್ಮಿಂದ ಉದ್ದುದ್ದ ಕಥೆ ಬರೆಸುತ್ತಿದ್ದರು.

ಇನ್ನು ದರ. ಅದರಲ್ಲಿ ಹುಡುಗ ಹೇಳುವುದು ಸುಳ್ಳಲ್ಲ. 2009ರಲ್ಲಿ ರಾಬ್ ವಾಕರ್ ಮತ್ತು ಜೋಶುವಾ ಗ್ಲೆನ್ ಎಂಬಿಬ್ಬರು ಅಮೆರಿಕದಲ್ಲಿ ಹಳೇ ಸಾಮಾನಿನ ಅಂಗಡಿಗಳಿಂದ ನೂರರಷ್ಟು ಸಣ್ಣಪುಟ್ಟ ವಸ್ತು ಕೊಂಡರು. ಒಟ್ಟು ಖರ್ಚು ಸುಮಾರು 129 ಡಾಲರ್. ಒಂದೊಂದಕ್ಕೂ ಒಬ್ಬೊಬ್ಬ ಲೇಖಕರಿಂದ ಕಥೆ ಬರೆಸಿ ಆನ್‌ಲೈನ್ ಹರಾಜಿಗೆ ಹಾಕಿದರು. ಬಂದದ್ದು 3,600 ಡಾಲರಿಗೂ ಜಾಸ್ತಿ. ನನಗೆ ಇಷ್ಟವಾದ ಸಂಗತಿ ಬೇರೆ. ಅವು ಕಲ್ಪಿತ ಕಥೆಗಳು ಅಂತ ಕೊಳ್ಳುವವರಿಗೆ ಮೊದಲೇ ಹೇಳಲಾಗಿತ್ತು! ಗೊತ್ತಿದ್ದೂ ಕೊಂಡರು. ನಮ್ಮ ಧಾರವಾಡದ ಪೇಢೆಯನ್ನೇ ನೋಡಿ. ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದ ಕಥೆ ಲೈನ್ ಬಜಾರಿನ ಸಾಲಿನಲ್ಲಿ ನಿಂತವರಿಗೆಲ್ಲ ಬಾಯಿಪಾಠ. ಪೇಢೆಯ ಜೊತೆ ಜನ ಅದನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ.

ಇದೆಲ್ಲ ಯಾಕೆ ನಡೆಯುತ್ತದೆ? 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಒಂದು ಪುಟ್ಟ ಚಿತ್ರ ಮಾಡಿ ತೋರಿಸಿದರು. ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಸರಿದಾಡುತ್ತವೆ, ಅಷ್ಟೇ. ನೋಡಿದವರು ಹೆಚ್ಚುಕಡಿಮೆ ಎಲ್ಲರೂ ದೊಡ್ಡ ತ್ರಿಕೋನ ಸಿಡುಕ, ವೃತ್ತ ಹೆದರಿದೆ, ಸಣ್ಣ ತ್ರಿಕೋನ ಕಾಪಾಡಲು ಬಂದಿದೆ ಅನ್ನೋ ಥರ ವಿವರಿಸಿದರು. ಗೆರೆಗಳಿಗೇ ಜಗಳ ಹಚ್ಚಿದ ಮನಸ್ಸು ನಮ್ಮದು.

ನಾನು ಮಕ್ಕಳಿಗೆ ಇದನ್ನು ಎರಡು ಪದದಲ್ಲಿ ಹೇಳುತ್ತೇನೆ. "ಆಮೇಲೆ" ಮತ್ತು "ಅದಕ್ಕೇ". ಲೋಕದಲ್ಲಿ ಒಂದಾದ ಮೇಲೆ ಒಂದು ನಡೆಯುತ್ತದೆ: ಇದು ಆಯಿತು, ಆಮೇಲೆ ಅದು ಆಯಿತು. ಕಥೆಯೊಳಗೆ ಬಂದ ಕೂಡಲೇ "ಆಮೇಲೆ" ಸದ್ದಿಲ್ಲದೆ "ಅದಕ್ಕೇ" ಆಗಿಬಿಡುತ್ತದೆ. ಹೇಳುವವನು ಆ ಪದ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಕೇಳುವವರೇ ಸೇರಿಸಿಕೊಳ್ಳುತ್ತಾರೆ. ತಾವೇ ಸೇರಿಸಿಕೊಂಡದ್ದನ್ನು ಯಾರು ಅನುಮಾನಿಸುತ್ತಾರೆ? ಬೇರೆಯವರು "ಇದನ್ನು ಕೊಳ್ಳಿ" ಅಂದರೆ ಮನಸ್ಸು ಎದುರು ನಿಂತು ವಾದ ಮಾಡುತ್ತದೆ. ಕಥೆ ಕೇಳುವಾಗ ಆ ವಾದ ಮಲಗಿರುತ್ತದೆ. ಮೆಲನಿ ಗ್ರೀನ್ ಮತ್ತು ತಿಮೋತಿ ಬ್ರಾಕ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಥೆಯೊಳಗೆ ಹೆಚ್ಚು ಮುಳುಗಿದವರು ಅದರಲ್ಲಿ ತಪ್ಪು ಹುಡುಕುವುದು ಕಡಿಮೆ ಇತ್ತು. ಇದು ನಡೆದದ್ದು ಅಂದರೂ ಅಷ್ಟೇ, ಕಲ್ಪನೆ ಅಂದರೂ ಅಷ್ಟೇ.

ಈಗ ನನ್ನ ತಪ್ಪು. ಹಲವು ವರ್ಷದ ಹಿಂದೆ ಒಂದು ಬೀಜದ ಕಂಪನಿಗೆ ಗೋವಿನಜೋಳದ ಜಾಹೀರಾತು ಬರೆಯಬೇಕಿತ್ತು. ಅವರು ಒಬ್ಬ ರೈತರನ್ನು ತೋರಿಸಿದರು. ಹೊಲಕ್ಕೆ ಹೋದೆ, ಮಾತಾಡಿದೆ, ಅವರ ಮನೆಯಲ್ಲಿ ರೊಟ್ಟಿ ಎಣಗಾಯಿ ಉಂಡೆ. ಸಾಲ ಇತ್ತು, ಈ ಬೀಜ ಬಿತ್ತಿದರು, ಬೆಳೆ ಚೆನ್ನಾಗಿ ಬಂತು, ಸಾಲ ತೀರಿತು, ಮಗಳ ಮದುವೆ ಆಯಿತು. ಹಾಗೇ ಬರೆದೆ. ಒಂದಕ್ಷರ ಸುಳ್ಳಿರಲಿಲ್ಲ. ಜಾಹೀರಾತು ಭರ್ಜರಿಯಾಗಿ ಓಡಿತು. ಮುಂದಿನ ವರ್ಷ ಪೇಪರಿನ ತುಂಡು ಹಿಡಿದುಕೊಂಡು ಒಬ್ಬರು ನಮ್ಮ ಕಚೇರಿ ಹುಡುಕಿಕೊಂಡು ಬಂದರು. "ಸಾಹೇಬ್ರ, ಅವರ ಹೊಲದಾಗ ಎರಡು ಬೋರ್ ಅದಾವ. ನಮ್ದು ಮಳಿ ನಂಬಿದ ಹೊಲ. ಅದನ್ಯಾಕ ಬರೀಲಿಲ್ರೀ?"

ಬೋರ್ ನನಗೆ ಕಂಡಿತ್ತು. ಊಟಕ್ಕೆ ಮೊದಲು ಅದರ ನೀರಲ್ಲೇ ಕೈ ತೊಳೆದಿದ್ದೆ. ಕಥೆಗೆ ಬೇಡ ಅನ್ನಿಸಿ ಬಿಟ್ಟಿದ್ದೆ. ಬೀಜ ಬಿತ್ತಿದರು, ಆಮೇಲೆ ಸಾಲ ತೀರಿತು. ಓದಿದವರು "ಅದಕ್ಕೇ" ಸೇರಿಸಿಕೊಂಡರು. ಸೇರಿಸಿಕೊಳ್ಳಲಿ ಅಂತಲೇ ನಾನು ಜಾಗ ಬಿಟ್ಟಿದ್ದೆ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ. ಕಥೆ ಹೇಳುವುದು ಸುಳ್ಳು ಹೇಳುವುದಲ್ಲ. ಆದರೆ ಪೂರ್ತಿ ನಿಜವಾದ ಕಥೆಯಿಂದಲೂ ಮೋಸ ಮಾಡಬಹುದು. ಹಾಗಾಗಿ "ಇದು ನಡೆದದ್ದಾ?" ಅಂತ ಕೇಳಿದರೆ ಸಾಲದು. ಈ ಕಥೆಯ ಬೋರ್‌ವೆಲ್ ಎಲ್ಲಿದೆ ಅಂತಲೂ ಕೇಳಬೇಕು.

ನಿಮ್ಮ ಪ್ಯಾಕೆಟ್ಟಿನ ಬೋರ್‌ವೆಲ್ ಯಾವುದು ಗೊತ್ತಾ? ಗುಂಟೂರು ಕಾಯಿ. ನೀವು ಇಡೀ ಪತ್ರದಲ್ಲಿ ಒರಳಿನ ಬಗ್ಗೆ ಕೊರಗಿದ್ದೀರಿ. ಒರಳು ಸುಳ್ಳೇ, ಅದು ಬೇಡವೇ ಬೇಡ. ಆದರೆ ನಾಲ್ಕರಲ್ಲಿ ಒಂದು ಪಾಲು ಬೇರೆ ಕಾಯಿ ಹಾಕಿ ಮುಂದುಗಡೆ "ಅಪ್ಪಟ ಬ್ಯಾಡಗಿ" ಅಂತ ಬರೆಯುವುದು ಅದಕ್ಕಿಂತ ದೊಡ್ಡ ಸುಳ್ಳು. ಕೊಳ್ಳುವವರು ದುಡ್ಡು ಕೊಡುವುದೇ ಆ ಹೆಸರಿಗೆ. ಅದು ನಿಮ್ಮ ಕಣ್ಣಿಗೇ ಬೀಳಲಿಲ್ಲ ನೋಡಿ. ಕಥೆ ಅದನ್ನು ಬರೆಸಿಕೊಂಡವರ ಕಣ್ಣಿಗೂ ಬಟ್ಟೆ ಕಟ್ಟಿಬಿಡುತ್ತದೆ.

ರಾಜಕೀಯಕ್ಕೆ ಬರೋಣ. ಅದಕ್ಕೂ ಇದಕ್ಕೂ ಒಂದೇ ಫಾರ್ಮುಲಾ ಅಂದನಲ್ಲ, ಅದು ಅರ್ಧ ನಿಜ. ಎರಡು ಕಥೆ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಮೊದಲನೆಯದು ನಿಮ್ಮ ತಾಲ್ಲೂಕಿಗೂ ಸೇರಿದ್ದು. 1930ರ ಮಾರ್ಚ್ 12ರಂದು ಗಾಂಧೀಜಿ 78 ಮಂದಿಯ ಜೊತೆ ಸಾಬರಮತಿಯಿಂದ ಹೊರಟರು. ಅವರಲ್ಲಿ ಒಬ್ಬರು ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, ಆಗಿನ್ನೂ 18ರ ಹುಡುಗ. ಮುಂದೆ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಸುಮಾರು 385 ಕಿಲೋಮೀಟರ್ ನಡೆದು, ಏಪ್ರಿಲ್ 6ರಂದು ಗಾಂಧೀಜಿ ದಂಡಿಯ ದಡದಲ್ಲಿ ಉಪ್ಪು ಎತ್ತಿದರು. ಕಥೆಗಾರಿಕೆಯ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಚೆನ್ನಾಗಿ ಕಟ್ಟಿದ ರಾಜಕೀಯ ಕಥೆ ನನಗೆ ಗೊತ್ತಿಲ್ಲ. ದಿನಕ್ಕೊಂದು ಊರು, ದಿನಕ್ಕೊಂದು ಸುದ್ದಿ, ಮುಂದೇನಾಗುತ್ತದೋ ಅನ್ನೋ ಕಾತರ. ಉಪ್ಪೇ ಯಾಕೆ ಅಂತ ಕಾಂಗ್ರೆಸ್ಸಿನ ದೊಡ್ಡವರಿಗೇ ಮೊದಲು ಅನುಮಾನವಿತ್ತು. ಆದರೆ ಉಪ್ಪಿನ ಮೇಲೆ ತೆರಿಗೆ ಇದೆಯಾ ಇಲ್ಲವಾ ಅಂತ ಪರೀಕ್ಷಿಸಲು ಯಾರೂ ದೂರ ಹೋಗಬೇಕಿರಲಿಲ್ಲ. ಅಡುಗೆಮನೆಯ ಉಪ್ಪಿನ ಮರಿಗೆಯನ್ನು ನೋಡಿದರೆ ಸಾಕಿತ್ತು. ಜೊತೆಗೆ ಏನು ಮಾಡುತ್ತೇನೆ ಅಂತ ಗಾಂಧೀಜಿ ಮಾರ್ಚ್ 2ರಂದೇ ವೈಸರಾಯಿಗೆ ಪತ್ರ ಬರೆದು ತಿಳಿಸಿದ್ದರು.

ಎರಡನೆಯದು 1990ರ ಅಕ್ಟೋಬರ್ 10. ಇರಾಕ್ ಕುವೈತನ್ನು ಆಕ್ರಮಿಸಿದ ಸಮಯ. ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಸದರ ಒಂದು ಗುಂಪಿನ ಮುಂದೆ ನಯೀರಾ ಎಂಬ 15 ವರ್ಷದ ಹುಡುಗಿ ಅಳುತ್ತಾ ಸಾಕ್ಷಿ ಹೇಳಿದಳು. ಕುವೈತಿನ ಆಸ್ಪತ್ರೆಯಲ್ಲಿ ಇರಾಕಿ ಸೈನಿಕರು ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಅಂದಳು. ಅಧ್ಯಕ್ಷ ಬುಷ್ ತಮ್ಮ ಭಾಷಣಗಳಲ್ಲಿ ಇದನ್ನು ಪದೇ ಪದೇ ಹೇಳಿದರು. 1991ರ ಜನವರಿಯಲ್ಲಿ ಯುದ್ಧ ಶುರುವಾಯಿತು. 1992ರಲ್ಲಿ ಹೊರಬಿದ್ದದ್ದು ಏನೆಂದರೆ, ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಮತ್ತು ಆ ಸಾಕ್ಷಿಯ ಹಿಂದೆ ದುಡ್ಡು ತೆಗೆದುಕೊಂಡ ಒಂದು ಪ್ರಚಾರ ಸಂಸ್ಥೆ ಇತ್ತು. ಅವಳು ಹೇಳಿದ ಘಟನೆಗೆ ತನಿಖೆ ಮಾಡಿದವರಿಗೆ ಆಧಾರ ಸಿಗಲಿಲ್ಲ. ಇರಾಕ್ ಆಕ್ರಮಣ ಮಾಡಿದ್ದು ನಿಜ, ಕುವೈತಿನ ಜನ ನರಳಿದ್ದೂ ನಿಜ. ಅಷ್ಟು ನಿಜ ಸಾಲದು ಅಂತ ಯಾರಿಗೋ ಅನ್ನಿಸಿತ್ತು.

ಎರಡೂ ಕಥೆಗಳಲ್ಲಿ ಪಾತ್ರ ಇದೆ, ಕಷ್ಟ ಇದೆ, ಕಣ್ಣೀರು ಇದೆ. ಫಾರ್ಮುಲಾ ಒಂದೇ. ಆದರೆ ಮೊದಲನೆಯದು ಬಾಗಿಲು ತೆರೆದಿಟ್ಟಿತು, ಯಾರು ಬೇಕಾದರೂ ಒಳಗೆ ಬಂದು ನೋಡಬಹುದಿತ್ತು. ಎರಡನೆಯದು ಆ ಹುಡುಗಿ ಯಾರು ಅನ್ನೋದನ್ನೇ ಮುಚ್ಚಿಟ್ಟಿತು. ನಿಮ್ಮನ್ನು ಅಳಿಸಿದ ವಿಡಿಯೋವನ್ನು ಈಗ ಇನ್ನೊಮ್ಮೆ ನೋಡಿ. ಮುದುಕಿಯ ಮನೆ ಬಿದ್ದಿದೆ, ಅಭ್ಯರ್ಥಿ ಕೈ ಹಿಡಿದಿದ್ದಾರೆ. ಕೈ ಹಿಡಿದರು, ಅದಕ್ಕೇ ಮನೆ ಕಟ್ಟಿಸಿಕೊಡುತ್ತಾರೆ ಅಂತ ಸೇರಿಸಿದ್ದು ನೀವು. ಆಕೆಗೆ ಪರಿಹಾರ ಬಂತಾ? ತಾಲ್ಲೂಕಿನಲ್ಲಿ ಆ ಮಳೆಗೆ ಬಿದ್ದ ಮನೆ ಎಷ್ಟು, ಪರಿಹಾರ ಸಿಕ್ಕಿದ್ದು ಎಷ್ಟಕ್ಕೆ? ವಿಡಿಯೋದಲ್ಲಿ ಇಲ್ಲ ಅಂದಮಾತ್ರಕ್ಕೆ ಅಭ್ಯರ್ಥಿ ಕೆಟ್ಟವರು ಅಂತಲ್ಲ. ಆದರೆ ಓಟು ಹಾಕಲು ಬೇಕಾದದ್ದು ಆ ಉತ್ತರಗಳು. ಅತ್ತದ್ದಕ್ಕೆ ನಾಚಿಕೊಳ್ಳಬೇಡಿ. ಬಿದ್ದ ಮನೆ ನೋಡಿ ಅಳು ಬರದಿದ್ದರೆ ಅದೇ ಚಿಂತೆಯ ವಿಷಯ.

ಸುದ್ದಿಯದೂ ಇದೇ ಪಾಡು. 2024ರ ಮಾರ್ಚ್ 11ರಂದು ನಿಮ್ಮ ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಬೆಲೆ ಕುಸಿದು ಸಿಟ್ಟಿಗೆದ್ದ ರೈತರು, ಎಪಿಎಂಸಿ ಕಚೇರಿಗೆ ಬೆಂಕಿ, ಉರಿದ ವಾಹನಗಳು. ಆ ದಿನ ನನ್ನ ಫೋನಿಗೆ ಬಂದ ವಿಡಿಯೋಗಳಲ್ಲೆಲ್ಲ ಬೆಂಕಿ ಇತ್ತು. ಒಂದರಲ್ಲೂ ಕ್ವಿಂಟಾಲ್ ದರ ಇರಲಿಲ್ಲ. ಶಾಂತೋ ಅಯ್ಯಂಗಾರ್ ಎಂಬ ಸಂಶೋಧಕರು 1991ರಲ್ಲಿ ಟಿವಿ ಸುದ್ದಿಯ ಬಗ್ಗೆ ಹೇಳಿದ್ದು ಇದನ್ನೇ. ಒಂದು ಘಟನೆ, ಕೆಲವು ಮುಖ ಅಂತ ತೋರಿಸಿದರೆ ನೋಡುವವರು ಹೊಣೆಯನ್ನು ಆ ಮುಖಗಳ ಮೇಲೆ ಹೊರಿಸುತ್ತಾರೆ. ಹಿನ್ನೆಲೆ ತೋರಿಸಿದರೆ ವ್ಯವಸ್ಥೆಯ ಕಡೆಗೂ ಕಣ್ಣು ಹೋಗುತ್ತದೆ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಬೆಂಕಿ ಕಥೆಯ ನಡುವಿನ ಪುಟ, ಜನ ಅದನ್ನೇ ಮೊದಲ ಪುಟ ಅಂತ ಓದಿದರು.

ಇನ್ನು ಆ ಪಕ್ಕದ ಬ್ರ್ಯಾಂಡಿನ ಅಜ್ಜಿ. ಅದು ಸುಳ್ಳು ಅಂತ ಊರಿಗೆಲ್ಲ ಹೇಳಿಬಿಡೋಣ ಅಂತ ಒಮ್ಮೆಯಾದರೂ ಅನ್ನಿಸಿರುತ್ತದೆ, ಅಲ್ವಾ? ಬೇಡ. ಬರೀ "ಅದು ಸುಳ್ಳು" ಅಂದರೆ ಜನರ ಮನಸ್ಸಿನಿಂದ ಕಥೆ ಹೋಗುವುದಿಲ್ಲ. 1994ರ ಒಂದು ಪ್ರಯೋಗದಲ್ಲಿ ಗೋದಾಮಿಗೆ ಬೆಂಕಿ ಬಿದ್ದ ವರದಿ ಓದಿಸಿದರು. ಕೋಣೆಯಲ್ಲಿ ಬಣ್ಣದ ಡಬ್ಬ, ಗ್ಯಾಸ್ ಸಿಲಿಂಡರ್ ಇದ್ದವು ಅಂತ ಮೊದಲು ಹೇಳಿ, ಆಮೇಲೆ "ಇಲ್ಲ, ಕೋಣೆ ಖಾಲಿ ಇತ್ತು" ಅಂತ ತಿದ್ದಿದರು. ತಿದ್ದಿದ್ದು ನೆನಪಿದ್ದವರೂ ಬೆಂಕಿಗೆ ಕಾರಣ ಕೇಳಿದರೆ ಬಣ್ಣ, ಗ್ಯಾಸ್ ಅಂತಲೇ ಹೇಳುತ್ತಿದ್ದರು. ಬೇರೆ ಕಾರಣ ಕೊಟ್ಟಾಗ ಮಾತ್ರ ಹಳೆಯದರ ಹಿಡಿತ ಸಡಿಲಾಯಿತು. ರೇಷನ್ನಿನ "ಪ್ಲಾಸ್ಟಿಕ್ ಅಕ್ಕಿ" ಗುಲ್ಲು ನೆನಪಿಸಿಕೊಳ್ಳಿ. ಪ್ಲಾಸ್ಟಿಕ್ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಜನ ನಂಬಲಿಲ್ಲ. ಅದು ಕಬ್ಬಿಣ, ಜೀವಸತ್ವ ಸೇರಿಸಿ ತಯಾರಿಸಿದ ಕಾಳು, ನೂರು ಕಾಳಿಗೆ ಒಂದರಂತೆ ಬೆರೆಸಿದ್ದು, ಅದಕ್ಕೇ ಬೇರೆ ಥರ ಕಾಣುತ್ತದೆ ಅಂತ ವಿವರಿಸಿದರೆ "ಓ, ಹಾಗಾ" ಅನ್ನುತ್ತಾರೆ. ಕಾರಣದ ಜಾಗ ಖಾಲಿ ಬಿಟ್ಟರೆ ಹಳೇ ಕಥೆ ಮತ್ತೆ ಬಂದು ಕೂರುತ್ತದೆ. ಆ ಅಜ್ಜಿಯನ್ನು ಅವಳ ಪಾಡಿಗೆ ಬಿಡಿ. ನಿಮ್ಮ ಕಥೆಗೆ ಜಾಗ ಮಾಡಿ.

ನಿಮ್ಮ ಮುಂದಿರುವ ದಾರಿಗಳು. ಹುಡುಗನ ಕಥೆಯನ್ನೇ ಹಾಕಿದರೆ ಮೊದಲ ವರ್ಷ ಮಾರಾಟ ಏರಬಹುದು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಊರಿನವರಿಗೆ ಒರಳಿಲ್ಲದ್ದು ಗೊತ್ತು. ಕೂಲಿಗೆ ಬಂದು ತೊಟ್ಟು ಬಿಡಿಸುವವರಿಗೆ ಗುಂಟೂರು ಕಾಯಿಯ ಚೀಲ ಕಾಣುತ್ತದೆ. ಒಂದು ಫೋಟೋ ವಾಟ್ಸಾಪಿಗೆ ಹೋದರೆ ಮುಗಿಯಿತು. ಕಾನೂನೂ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆಹಾರ ಪದಾರ್ಥದ ಮೇಲೆ "ಶುದ್ಧ", "ತಾಜಾ", "ಸಾಂಪ್ರದಾಯಿಕ" ಅಂತ ಯಾವಾಗ ಬರೆಯಬಹುದು ಅನ್ನೋದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳೇ ಇವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಆ ಗುರುತು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಸಣ್ಣ ವ್ಯಾಪಾರದವರನ್ನು ಯಾರು ಹಿಡಿಯುತ್ತಾರೆ ಅಂತ ಹುಡುಗ ಹೇಳಬಹುದು. ಹಿಡಿದರೆ ನೋಟಿಸು ಬರುವುದು ನಿಮ್ಮ ಹೆಸರಿಗೆ, ಅವನ ಹೆಸರಿಗಲ್ಲ.

ಯಜಮಾನರ ದಾರಿ, ಬರೀ ಲ್ಯಾಬ್ ರಿಪೋರ್ಟ್, ಸುರಕ್ಷಿತ. ಹೋಟೆಲಿನವರಿಗೆ, ಚೀಲಗಟ್ಟಲೆ ಕೊಳ್ಳುವವರಿಗೆ ಅದೇ ಸರಿ. ಅವರಿಗೆ ಅಜ್ಜಿ ಬೇಕಿಲ್ಲ, ಬಣ್ಣ ಎಷ್ಟು, ತೇವ ಎಷ್ಟು ಅಷ್ಟೇ ಬೇಕು. ಅಂಗಡಿಯಲ್ಲಿ ನಿಂತು ಕಾಲು ಕಿಲೋ ಕೊಳ್ಳುವವರು ಮಾತ್ರ ರಿಪೋರ್ಟ್ ಓದುವುದಿಲ್ಲ. ಅವರಿಗೆ ಒಂದು ಲೋಟ ನೀರು ತೋರಿಸಬಹುದು. ನೀರಿನ ಮೇಲೆ ಖಾರದ ಪುಡಿ ಉದುರಿಸಿದರೆ, ಕೃತಕ ಬಣ್ಣ ಇದ್ದಾಗ ಗೆರೆ ಗೆರೆಯಾಗಿ ಕೆಳಗಿಳಿಯುತ್ತದೆ. ಇದನ್ನು ಎಫ್‌ಎಸ್‌ಎಸ್‌ಎಐ ಕೂಡ ಹೇಳಿಕೊಡುತ್ತದೆ. ಒಳ್ಳೆಯ ರೀಲ್ ಆಗುತ್ತದೆ. ಆದರೆ "ನಮ್ಮಲ್ಲಿ ಯಾವ ಬಣ್ಣವೂ ಇಲ್ಲ, ಇಗೋ ಸಾಕ್ಷಿ" ಅಂತ ಅದರ ಕೆಳಗೆ ಬರೆಯಬೇಡಿ. ಸೂಡಾನ್‌ನಂಥ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಈ ಪರೀಕ್ಷೆಗೆ ಸಿಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಅಲ್ಲಿ ಯಜಮಾನರ ರಿಪೋರ್ಟ್ ಕೆಲಸಕ್ಕೆ ಬರುತ್ತದೆ. ಕಲ್ಪನೆ ಅಂತ ಹೇಳಿಕೊಂಡೇ ಕಥೆ ಹೇಳುವ ದಾರಿಯೂ ಇದೆ. ಒಂದು ತಮಾಷೆಯ ಮೆಣಸಿನಕಾಯಿ ಪಾತ್ರ ಮಾಡಿ ಮಾತಾಡಿಸಿ, ಯಾರೂ ಮೋಸಹೋಗುವುದಿಲ್ಲ. ಅದಕ್ಕೆ ಖರ್ಚು ಜಾಸ್ತಿ, ವರ್ಷಗಟ್ಟಲೆ ನಡೆಸಬೇಕು.

ನಾನು ಗೆರೆ ಎಳೆದ ಸಾಲು ಈಗ. "ಮೊದಲು ಒಂದು ಹಿಡಿ ಕಾಯಿ ಬೀಸಿಸಿ, ಅದನ್ನು ಬೇರೆ ತೆಗೆಸಿ." ಒರಳಿನ ಕಥೆಯನ್ನು ನಾನು ನೂರು ಪ್ಯಾಕೆಟ್ ಮೇಲೆ ಓದಿದ್ದೇನೆ. ಇದನ್ನು ಒಂದರ ಮೇಲೂ ಓದಿಲ್ಲ. ಹಿಂದಿನವರ ಪುಡಿ ನಮ್ಮದರಲ್ಲಿ ಬೆರೆಯಬಾರದು ಅಂತ ಗಿರಣಿಯ ಮುಂದೆ ಪಟ್ಟು ಹಿಡಿದು ಕೂತ ಹೆಂಗಸು. ಗಿರಣಿಯವನು ಗೊಣಗಿರಬೇಕು. ಖಾರದ ಘಾಟಿಗೆ ಸೀನು ಬಂದಿರಬೇಕು. ಒಂದು ಹಿಡಿ ಕಾಯಿ ಅಂದರೆ ಆಗಿನ ಕಾಲಕ್ಕೆ ಸುಮ್ಮನೆ ಅಲ್ಲ. ಇಲ್ಲಿ "ಅದಕ್ಕೇ" ಕೂಡ ಗಟ್ಟಿ ಇದೆ. ಮೊದಲ ಹಿಡಿ ಬೇರೆ ತೆಗೆಯುತ್ತೇವೆ, ಅದಕ್ಕೇ ಬೇರೆಯವರ ಪುಡಿ ನಮ್ಮದರಲ್ಲಿ ಸೇರುವುದಿಲ್ಲ. ಬೇಕಾದವರು ಗಿರಣಿಗೆ ಬಂದು ನೋಡಬಹುದು, ಉಪ್ಪಿನ ಮರಿಗೆ ನೋಡಿದ ಹಾಗೆ.

ಹುಡುಗನಿಗೆ ಹೀಗೆ ಬರೆಯಲು ಹೇಳಿ: "ನಮ್ಮ ಅತ್ತೆ ಖಾರ ಕುಟ್ಟಿದವರಲ್ಲ, ಗಿರಣಿಗೆ ಹಾಕಿಸಿದವರು. ಆದರೆ ಮೊದಲ ಹಿಡಿಯನ್ನು ಯಾವತ್ತೂ ಮನೆಯ ಡಬ್ಬಿಗೆ ಸೇರಿಸಲಿಲ್ಲ. ನಾವೂ ಸೇರಿಸುವುದಿಲ್ಲ. ಬಣ್ಣಕ್ಕೆ ಬ್ಯಾಡಗಿ ಮೂರು ಪಾಲು, ಖಾರಕ್ಕೆ ಗುಂಟೂರು ಒಂದು ಪಾಲು." ಗುಂಟೂರನ್ನು ಮುಚ್ಚಿಡಬೇಡಿ, ಮುಂದೆಯೇ ಹಾಕಿ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಅಡುಗೆ ಮಾಡುವವರಿಗೆಲ್ಲ ಗೊತ್ತು. ನಿಮ್ಮ ಬೆರಕೆ ಅವರಿಗೆ ಬುದ್ಧಿವಂತಿಕೆಯಾಗಿಯೇ ಕಾಣುತ್ತದೆ. ಅಪಾಯ ಇಲ್ಲವೆಂದಲ್ಲ. "ಅಪ್ಪಟ" ಅನ್ನೋ ಪದ ಹುಡುಕುವವರು ಪಕ್ಕದ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ. ಮಾರಾಟ ನಿಧಾನವಾಗಿ ಏರಬಹುದು, ಏರದೆಯೂ ಇರಬಹುದು. ಆಗ ತೊಂದರೆ ಕಥೆಯಲ್ಲಿರದೆ ದರದಲ್ಲೋ, ಅಂಗಡಿಯವರಿಗೆ ಕೊಡುವ ಮಾರ್ಜಿನ್ನಿನಲ್ಲೋ ಇದ್ದೀತು, ಅದನ್ನೂ ನೋಡಿ. ಮತ್ತೆ, ಈ ಮಾತು ಬರೆದ ಮೇಲೆ ಗಡಿಬಿಡಿಯ ದಿನವೂ ಮೊದಲ ಹಿಡಿ ಬೇರೆ ತೆಗೆಯಲೇಬೇಕು. ದೀಪಾವಳಿ ಆರ್ಡರ್ ಇದ್ದಾಗಲೂ.

ಇನ್ನೊಂದು. ಇಷ್ಟೆಲ್ಲ ಮಾತಿನ ನಡುವೆ ನಿಮ್ಮ ಅತ್ತೆಯನ್ನು ಯಾರಾದರೂ ಕೇಳಿದಿರಾ? ಕಥೆ ಅವರದು. ಒಂದು ಸಂಜೆ ಹುಡುಗನನ್ನೂ ಕೂರಿಸಿಕೊಂಡು ಅವರನ್ನೇ ಮಾತಾಡಿಸಿ. ಮೊದಲ ಹಿಡಿಯ ಪುಡಿಯನ್ನು ಅವರು ಏನು ಮಾಡುತ್ತಿದ್ದರು ಅಂತ ನೀವು ಬರೆದಿಲ್ಲ. ನನಗೂ ತಿಳಿದುಕೊಳ್ಳುವ ಆಸೆ.